ಮಗುವಿನ ಲ್ಯಾಬ್ ವರದಿಯಲ್ಲಿ ಫೋಲೇಟ್ ಅಂಕಿಗಳನ್ನು ಓದುವ ಬಗೆ

ವರದಿಯ ಅಂಕಿಗಳನ್ನು ನೋಡುವ ಮೊದಲು, ಮಗುವಿನ ರಕ್ತವನ್ನು ಎಷ್ಟು ಹೊತ್ತಿಗೆ ತೆಗೆದರು, ಅದು ಲ್ಯಾಬ್ ತಲುಪಿದ್ದು ಯಾವಾಗ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ ಕಡಿಮೆಯಾದಾಗ ರಕ್ತದಲ್ಲಿ ಏರುವ ವಸ್ತು ಹೋಮೋಸಿಸ್ಟೀನ್; ಅದರ ಪರೀಕ್ಷೆಗೆಂದು ತೆಗೆದ ರಕ್ತ ಕೊಳವೆಯಲ್ಲಿ ಹಾಗೆಯೇ ಉಳಿದರೆ ಕೆಂಪು ರಕ್ತಕಣಗಳು ಆ ವಸ್ತುವನ್ನು ಹೊರಬಿಡುತ್ತಲೇ ಇರುತ್ತವೆ. ಆದ್ದರಿಂದ ಕೊಳವೆಯನ್ನು ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಬೇಗನೆ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಬೇರ್ಪಡಿಸಬೇಕಾಗುತ್ತದೆ. ಬೆಳಿಗ್ಗೆ ಮನೆಗೆ ಬಂದು ರಕ್ತ ತೆಗೆದುಕೊಂಡವರು ಇನ್ನೂ ನಾಲ್ಕು ಮನೆ ಸುತ್ತಿ, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಲ್ಯಾಬ್ ಸೇರುವಷ್ಟರಲ್ಲಿ, ಮಗುವಿನ ದೇಹದಲ್ಲಿ ಇಲ್ಲದ ಏರಿಕೆ ಕೊಳವೆಯಲ್ಲಿ ಹುಟ್ಟಿಕೊಂಡಿರಬಹುದು. ಈ ಒಂದು ಪರೀಕ್ಷೆಗಾದರೂ ಮಗುವನ್ನು ಲ್ಯಾಬಿಗೇ ಕರೆದೊಯ್ಯುವುದು ಮೇಲು. ಕೆಂಪು ಕಣಗಳು ಒಡೆದಿರುವ ಮಾದರಿ ಎಂಬ ಟಿಪ್ಪಣಿ ವರದಿಯ ಅಡಿಯಲ್ಲಿದ್ದರೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಫೋಲೇಟ್ ಅಂಕಿಯನ್ನೂ ನಂಬಬಾರದು, ಏಕೆಂದರೆ ಆ ಕಣಗಳೊಳಗೆ ಸೀರಮ್‌ಗಿಂತ ಹಲವು ಪಟ್ಟು ಹೆಚ್ಚು ಫೋಲೇಟ್ ಇರುತ್ತದೆ.

ಸೀರಮ್ ಫೋಲೇಟ್ ಇತ್ತೀಚಿನ ಊಟದ ಲೆಕ್ಕವನ್ನಷ್ಟೇ ಹೇಳುತ್ತದೆ. ಕೆಂಪು ಕಣಗಳ ಫೋಲೇಟ್, ಆ ಕಣಗಳ ಆಯುಷ್ಯ ಸುಮಾರು 120 ದಿನವಾದ್ದರಿಂದ, ಹಿಂದಿನ ಮೂರು ನಾಲ್ಕು ತಿಂಗಳ ದಾಸ್ತಾನನ್ನು ತಿಳಿಸುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಮಾತ್ರೆಯಲ್ಲಿ 45 ಮಿಲಿಗ್ರಾಂ ಕಬ್ಬಿಣದ ಜೊತೆ ಫೋಲೇಟ್ ಜೀವಸತ್ವದ ಮಾತ್ರೆ ರೂಪವಾದ ಫೋಲಿಕ್ ಆಮ್ಲ 400 ಮೈಕ್ರೋಗ್ರಾಂ ಇರುತ್ತದೆ. ಮಗು ಅದನ್ನು ಹಿಂದಿನ ದಿನ ನುಂಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಇನ್ನು, ಒಂದು ಲ್ಯಾಬ್ ನ್ಯಾನೋಗ್ರಾಂನಲ್ಲಿ, ಮತ್ತೊಂದು ನ್ಯಾನೋಮೋಲ್‌ನಲ್ಲಿ ಮುದ್ರಿಸುವುದುಂಟು. ಪ್ರತಿ ಮಿಲಿಲೀಟರ್‌ಗೆ 3 ನ್ಯಾನೋಗ್ರಾಂ ಎಂದರೆ ಲೀಟರ್‌ಗೆ ಸುಮಾರು 6.8 ನ್ಯಾನೋಮೋಲ್. ಇದನ್ನು ಗಮನಿಸದೆ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು, ಮಗುವಿನ ಫೋಲೇಟ್ ಇಮ್ಮಡಿಯಾಯಿತೆಂದು ಹಿಗ್ಗುವವರಿದ್ದಾರೆ.

ಇಷ್ಟಾದರೂ ಫೋಲೇಟ್ ಅಂಕಿಯೊಂದನ್ನೇ ಹಿಡಿದು ಏನನ್ನೂ ತೀರ್ಮಾನಿಸಲಾಗದು. ದೇಹವು ಹೋಮೋಸಿಸ್ಟೀನನ್ನು ಮರಳಿ ಮಿಥಿಯೋನಿನ್ ಎಂಬ ಅಮೈನೋ ಆಮ್ಲವಾಗಿ ಪರಿವರ್ತಿಸಲು ಫೋಲೇಟ್ ಮತ್ತು ಬಿ12 ಎರಡೂ ಬೇಕು. ಎರಡರಲ್ಲಿ ಯಾವುದು ಕಡಿಮೆಯಾದರೂ ಹೋಮೋಸಿಸ್ಟೀನ್ ರಾಶಿಬೀಳುತ್ತದೆ. ಕೊರತೆ ಯಾವುದರದ್ದೆಂದು ಬೇರ್ಪಡಿಸಿ ತೋರಿಸುವುದು ಮೀಥೈಲ್‌ಮೆಲೋನಿಕ್ ಆಮ್ಲ: ಬಿ12 ಕೊರತೆಯಲ್ಲಿ ಅದು ಏರುತ್ತದೆ, ಫೋಲೇಟ್ ಕೊರತೆಯಲ್ಲಿ ಏರುವುದಿಲ್ಲ. ಬಿ12 ಇಲ್ಲದಿದ್ದಾಗ ಫೋಲೇಟ್ ತನ್ನ ಮೀಥೈಲ್ ರೂಪದಲ್ಲಿಯೇ ಸಿಕ್ಕಿಕೊಂಡು ಜೀವಕೋಶಕ್ಕೆ ಉಪಯೋಗವಾಗದೆ ರಕ್ತದಲ್ಲಿ ಉಳಿಯುವುದರಿಂದ, ಸೀರಮ್ ಫೋಲೇಟ್ ಚೆನ್ನಾಗಿಯೇ ಇರುವಂತೆ, ಕೆಲವೊಮ್ಮೆ ಹೆಚ್ಚಾಗಿಯೇ ಕಾಣಬಹುದು. ಸಸ್ಯಾಹಾರಿ ಮನೆಗಳ ಮಕ್ಕಳಲ್ಲಿ, ಅದರಲ್ಲೂ ಬಿ12 ಕೊರತೆಯಿರುವ ತಾಯಿಯ ಎದೆಹಾಲನ್ನೇ ನೆಚ್ಚಿಕೊಂಡ ಕೂಸುಗಳಲ್ಲಿ, ಮೊದಲು ಅನುಮಾನಿಸಬೇಕಾದದ್ದು ಬಿ12 ಅನ್ನು ಎಂಬುದು ನನ್ನ ಅಭಿಪ್ರಾಯ. ಅದನ್ನು ಪರೀಕ್ಷಿಸದೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುವ ಅಪಾಯವಿದೆ.

ಹೋಮೋಸಿಸ್ಟೀನ್ ಪಕ್ಕದಲ್ಲಿ ಮುದ್ರಿತವಾದ 15ರ ಮಿತಿ ಸಾಮಾನ್ಯವಾಗಿ ವಯಸ್ಕರದ್ದು. ಚಿಕ್ಕ ಮಕ್ಕಳಲ್ಲಿ ಅದು ಇನ್ನೂ ಕೆಳಗಿರುತ್ತದೆ, ಹಾಗಾಗಿ ಐದು ವರ್ಷದ ಮಗುವಿಗೆ 13 ಬಂದಿದ್ದರೆ ನಾರ್ಮಲ್ ಎಂದು ಕಡತ ಮುಚ್ಚದೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಮೂತ್ರಪಿಂಡದ ತೊಂದರೆ ಮತ್ತು ಥೈರಾಯ್ಡ್ ಕೊರತೆಯಿಂದಲೂ ಇದು ಏರುತ್ತದೆ. ರಕ್ತಕಣಗಳ ಎಣಿಕೆಯ ಪರೀಕ್ಷೆಯಾದ ಸಿಬಿಸಿಯಲ್ಲಿ ಕೆಂಪು ಕಣಗಳ ಗಾತ್ರ ಹೇಳುವ ಎಂಸಿವಿ ಹೆಚ್ಚಿದ್ದರೆ ಫೋಲೇಟ್ ಅಥವಾ ಬಿ12 ಕೊರತೆಯ ಸುಳಿವು ದೊರೆಯುತ್ತದೆ. ಆದರೆ ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಒಂದು ಹಿಗ್ಗಿಸಿ ಇನ್ನೊಂದು ಕುಗ್ಗಿಸಿ, ಎಂಸಿವಿ ಸರಿಯಾಗಿರುವಂತೆ ತೋರುತ್ತದೆ.

ಹೋಮೋಸಿಸ್ಟೀನ್ ವಿಪರೀತ ಹೆಚ್ಚಿದ್ದು ಬಿ12 ಕೊರತೆ ಕಾರಣವಲ್ಲವೆಂದು ಖಚಿತವಾದಾಗ ಮಿಥಿಯೋನಿನ್ ಅಂಕಿಯನ್ನು ನೋಡುತ್ತಾರೆ. ಅದೂ ಹೆಚ್ಚಿದ್ದರೆ ಹೋಮೋಸಿಸ್ಟಿನೂರಿಯಾ ಎಂಬ ಹುಟ್ಟುಕಾಯಿಲೆಯ ಶಂಕೆ. ಕಡಿಮೆಯಿದ್ದರೆ, ಫೋಲೇಟನ್ನು ಬಳಕೆಯ ರೂಪಕ್ಕೆ ತರುವ ಎಂಟಿಎಚ್‌ಎಫ್‌ಆರ್ ಕಿಣ್ವದ ತೀವ್ರ ಕೊರತೆಯಂಥ ಅಪರೂಪದ ತೊಂದರೆಗಳ ಶಂಕೆ. ಈ ತೀವ್ರ ಕಾಯಿಲೆಯನ್ನು ಅದೇ ಜೀನ್‌ನ ಸಿ677ಟಿ ಎಂಬ ಸಾಮಾನ್ಯ ವ್ಯತ್ಯಾಸದೊಡನೆ ಬೆರೆಸಬಾರದು. ಆ ವ್ಯತ್ಯಾಸ ಕೋಟ್ಯಂತರ ಆರೋಗ್ಯವಂತರಲ್ಲಿದೆ, ಅದಕ್ಕಾಗಿ ಎಲ್ಲರಿಗೂ ಪರೀಕ್ಷೆ ಮಾಡಿಸುವುದು ಬೇಡವೆಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಕಾಲೇಜು 2013ರಲ್ಲಿಯೇ ಹೇಳಿದೆ. ದುಬಾರಿ ಪ್ಯಾಕೇಜ್‌ಗಳಲ್ಲಿ ಅದನ್ನು ಇನ್ನೂ ಸೇರಿಸಿ ಮಾರುವುದು ಪೋಷಕರ ಆತಂಕದ ಮೇಲಿನ ವ್ಯಾಪಾರವೆಂದೇ ನನಗೆ ತೋರುತ್ತದೆ.

ರಕ್ತದ ಅಂಕಿಗಳೆಲ್ಲ ಸರಿಯಿದ್ದೂ ಮಗು ಕಲಿತದ್ದನ್ನು ಮರೆಯುತ್ತಿದ್ದರೆ, ಸೆಳವು ಬರುತ್ತಿದ್ದರೆ, ಮಿದುಳಿಗೆ ಫೋಲೇಟ್ ಸಾಗದ ಅಪರೂಪದ ಸ್ಥಿತಿಯೂ ಇರಬಹುದು. ಅದು ತಿಳಿಯುವುದು ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ. ಅದು ಬೇಕೇ ಬೇಡವೇ ಎಂಬುದನ್ನು ನಿಮ್ಹಾನ್ಸ್ ಅಥವಾ ಅದರ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಯ ತಜ್ಞರು ನಿರ್ಧರಿಸಬೇಕು.

ವೈದ್ಯರ ಬಳಿ ಹೋಗುವಾಗ ಮಗು ಸೇವಿಸುವ ಔಷಧಿಗಳ ಪಟ್ಟಿ ಕೈಯಲ್ಲಿರಲಿ; ಸೆಳವಿಗೆ ಕೊಡುವ ಫೆನಿಟಾಯಿನ್, ಕೆಲವು ಕ್ಯಾನ್ಸರ್ ಮತ್ತು ಕೀಲುರೋಗಗಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಮುಂತಾದವು ಫೋಲೇಟ್ ಅಂಕಿಗಳನ್ನು ಏರುಪೇರು ಮಾಡುತ್ತವೆ. ಊಟದ ವಿವರವನ್ನೂ ಬರೆದಿಡಿ. ಫೋಲೇಟ್ ನೀರಿಗೆ ಬಿಟ್ಟುಕೊಳ್ಳುವ ಜೀವಸತ್ವವಾದ್ದರಿಂದ, ಸೊಪ್ಪು ಕಾಳು ಬೇಯಿಸಿದ ನೀರನ್ನು ಬಸಿದು ಅದರಲ್ಲೇ ಸಾರು ಮಾಡುವ ನಮ್ಮ ಬಸ್ಸಾರು, ನೀರು ಚೆಲ್ಲಿ ಮಾಡುವ ಪಲ್ಯಕ್ಕಿಂತ ಹೆಚ್ಚು ಉಳಿಸಿಕೊಡುತ್ತದೆ. ಚಿಕಿತ್ಸೆಯ ನಂತರ ಮರುಪರೀಕ್ಷೆ ಬೇಕೆಂದರೆ ಅದೇ ಲ್ಯಾಬಿನಲ್ಲಿ, ಅದೇ ರೀತಿ ಖಾಲಿ ಹೊಟ್ಟೆಯಲ್ಲಿ ಮಾಡಿಸಿ, ಹಳೆಯ ವರದಿಯನ್ನು ಜೊತೆಗೇ ಒಯ್ಯಿರಿ.