‘ನೆಲ ಡೊಂಕು’: ನೆಪ ಹಂಚುವ ಸೇವೆಗೆ ನಾನು ಮಿತಿ ಹಾಕಿದ ಬಗೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯಿಂದಲೇ ಹೆಸರು ಎತ್ತಿಕೊಂಡು ನಾನೊಂದು ಪುಟ್ಟ ಜಾಲಸೇವೆ ನಡೆಸುತ್ತಿದ್ದೇನೆ. ಅದಕ್ಕೆ ಒಂದು ಕೋರಿಕೆ ಕಳುಹಿಸಿದರೆ ಒಂದು ನೆಪ ಬರುತ್ತದೆ. ‘ಬಸ್ ಬಂದಿತ್ತು, ನಿಲ್ಲಲಿಲ್ಲ.’ ‘ನೆಂಟರು ಬಂದಿದ್ದಾರೆ, ಯಾವಾಗ ಹೊರಡುತ್ತೀರಿ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.’ ‘ಬೆಕ್ಕು ಅಡ್ಡ ಬಂತು. ನಾನು ನಿಂತೆ, ಬೆಕ್ಕೂ ನಿಂತಿತು, ಇಬ್ಬರೂ ಇನ್ನೂ ಅಲ್ಲೇ ಇದ್ದೇವೆ.’ ಲಾಗಿನ್ ಇಲ್ಲ, ಹಣ ಕೊಡಬೇಕಿಲ್ಲ, ಜಾಹೀರಾತೂ ಇಲ್ಲ.

ಇನ್ನೊಂದು ಚೇಷ್ಟೆಯನ್ನೂ ಸೇರಿಸಿದ್ದೇನೆ. ರಾಹುಕಾಲದಲ್ಲಿ, ಅಂದರೆ ಸೋಮವಾರವಾದರೆ ಬೆಳಗ್ಗೆ 7.30ರಿಂದ 9, ಶುಕ್ರವಾರವಾದರೆ 10.30ರಿಂದ 12, ಯಾರು ಎಷ್ಟು ಸಲ ಕೇಳಿದರೂ ಉತ್ತರ ಒಂದೇ: ‘ರಾಹುಕಾಲ ನಡೆಯುತ್ತಿದೆ, ಮುಗಿದ ಮೇಲೆ ಹೊರಡುತ್ತೇನೆ.’ ಉತ್ತರ ಬದಲಾಗುವುದಿಲ್ಲವಾದ್ದರಿಂದ ಅದನ್ನು ಒಮ್ಮೆ ಸಿದ್ಧಮಾಡಿ ಕ್ಯಾಶ್‌ನಿಂದಲೇ, ಅಂದರೆ ಹಾಗೆ ಎತ್ತಿಟ್ಟ ಪ್ರತಿಯಿಂದಲೇ, ಕೊಡಬಹುದು. ದಿನದ ಆ ಒಂದೂವರೆ ಗಂಟೆ ನನ್ನ ಸರ್ವರ್‌ಗೆ ಮಾತ್ರ ಶುಭಕಾಲ.

ಇಂಥ ತಮಾಷೆಗಳಿಗೆ ಅಂತರ್ಜಾಲದಲ್ಲಿ ದೊಡ್ಡ ವಂಶಾವಳಿಯೇ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆಯಲ್ಲಿ ಕಾಫಿ ಉಳಿದಿದೆಯೇ ಎಂದು ಕೂತಲ್ಲಿಂದಲೇ ನೋಡಲು 1991ರಲ್ಲಿ ಕ್ಯಾಮೆರಾ ಇಟ್ಟರು. 1993ರಲ್ಲಿ ಅದನ್ನು ಜಾಲಕ್ಕೆ ಜೋಡಿಸಿದರು. 2001ರಲ್ಲಿ ನಿಲ್ಲಿಸುವ ಹೊತ್ತಿಗೆ ಆ ಪಾತ್ರೆ ಜಗತ್ಪ್ರಸಿದ್ಧವಾಗಿತ್ತು. 1998ರ ಏಪ್ರಿಲ್ 1ರಂದು ಕಾಫಿ ಯಂತ್ರಗಳನ್ನು ನಿಯಂತ್ರಿಸುವ ಒಂದು ಹುಸಿ ಪ್ರೋಟೋಕಾಲ್ (ಯಂತ್ರಗಳು ಪರಸ್ಪರ ಮಾತಾಡುವ ನಿಯಮಾವಳಿ) ಪ್ರಕಟವಾಯಿತು. ‘ನಾನು ಟೀ ಪಾತ್ರೆ, ನನ್ನಲ್ಲಿ ಕಾಫಿ ಕೇಳಬೇಡಿ’ ಎನ್ನುವ 418ನೇ ಸ್ಟೇಟಸ್ ಕೋಡ್ (ಕೋರಿಕೆ ಏನಾಯಿತು ಎಂದು ಸರ್ವರ್ ಹೇಳುವ ಮೂರಂಕಿಯ ಸಂಖ್ಯೆ) ಹುಟ್ಟಿದ್ದು ಅಲ್ಲಿಯೇ. 1990ರಲ್ಲಿ ಪಾರಿವಾಳಗಳ ಕಾಲಿಗೆ ಡೇಟಾ ಕಟ್ಟಿ ಕಳುಹಿಸುವ ವಿಧಾನವನ್ನು ಹೀಗೆಯೇ ತಮಾಷೆಗೆ ಬರೆದಿದ್ದರು. ನಾರ್ವೆಯ ಬರ್ಗೆನ್‌ನ ಲಿನಕ್ಸ್ ಬಳಗ 2001ರಲ್ಲಿ ಅದನ್ನು ನಿಜವಾಗಿಯೇ ಮಾಡಿ ನೋಡಿತು: ಕಳುಹಿಸಿದ ಪ್ಯಾಕೆಟ್ 9, ಮರಳಿ ಬಂದ ಉತ್ತರ 4.

ಆದರೆ ತಮಾಷೆಗೂ ಒಬ್ಬ ಯಜಮಾನನಿರುತ್ತಾನೆ, ಸರ್ವರ್‌ನ ತಿಂಗಳ ಬಾಡಿಗೆ ಕಟ್ಟುವವನು ಅವನೇ. ನಿಮ್ಮ ಐಪಿ ವಿಳಾಸ, ಅಂದರೆ ಜಾಲದಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ, ಯಾವುದೆಂದು ಒಂದೇ ಸಾಲಿನಲ್ಲಿ ಹೇಳುವ ‘ಐ ಕ್ಯಾನ್ ಹ್ಯಾಜ್ ಐಪಿ’ ಎಂಬ ಸೇವೆಯನ್ನು ಮೇಜರ್ ಹೇಡನ್ ಎಂಬವರು 2009ರಲ್ಲಿ ಶುರುಮಾಡಿದರು. ಕೋರಿಕೆಗಳು ದಿನಕ್ಕೆ ಶತಕೋಟಿಗಳ ಲೆಕ್ಕಕ್ಕೆ ಏರಿದವು. ಕುತಂತ್ರಾಂಶಗಳೂ ತಮ್ಮ ವಿಳಾಸ ತಿಳಿಯಲು ಅದನ್ನೇ ಬಳಸತೊಡಗಿದವು, ದೂರುಗಳು ಬರತೊಡಗಿದವು. ಕೊನೆಗೆ 2021ರಲ್ಲಿ ಅವರು ಅದನ್ನು ಕ್ಲೌಡ್‌ಫ್ಲೇರ್ ಕಂಪನಿಗೆ ಒಪ್ಪಿಸಿದರು. ನನ್ನ ನೆಪಗಳಿಗೆ ಅಂಥ ಭಾಗ್ಯ ಬರುವುದಿಲ್ಲ ಎಂದು ಗೊತ್ತು. ಆದರೂ ಆ ಕಥೆ ತಿಳಿದ ಮೇಲೆ ಮಿತಿಯ ವಿಷಯವನ್ನು ಮೊದಲ ದಿನವೇ ಕೂತು ಯೋಚಿಸಿದೆ.

ಒಂದು ನೆಪ ಎಷ್ಟು ದೊಡ್ಡದು? ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಗುಣಿತ ಚಿಹ್ನೆಗಳು ಪ್ರತ್ಯೇಕ ಲೆಕ್ಕ. ಉತ್ತರವನ್ನು ಜೇಸನ್ ಎಂಬ ಪಠ್ಯರೂಪಕ್ಕೆ ಕಟ್ಟುವ ಪೈಥಾನ್ ಭಾಷೆಯ ಲೈಬ್ರರಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ಕನ್ನಡವನ್ನೆಲ್ಲ ಸಂಖ್ಯೆಗಳ ರೂಪಕ್ಕೆ ತಿರುಗಿಸಿ ಸಂಕೇತಕ್ಕೆ 6 ಬೈಟ್ ತಿನ್ನುತ್ತದೆ. ಆ ಅಭ್ಯಾಸವನ್ನು ಒಂದು ಪದದಲ್ಲಿ ನಿಲ್ಲಿಸಬಹುದು. ನಿಲ್ಲಿಸಿದರೆ ಗಾತ್ರ ಅರ್ಧಕ್ಕಿಳಿಯುತ್ತದೆ, ಉತ್ತರವನ್ನು ಕಣ್ಣಿನಿಂದ ಓದಲೂ ಬರುತ್ತದೆ. ಇಷ್ಟು ಮಾಡಿದರೆ ನೆಪವೊಂದು ಕೆಲವು ನೂರು ಬೈಟ್. ನಿಜವಾದ ಖರ್ಚು ಅದಲ್ಲ. ಪ್ರತಿ ಕೋರಿಕೆಗೂ ಹೊಸ ಸುರಕ್ಷಿತ ಸಂಪರ್ಕ ತೆರೆಯುವ ಪ್ರೋಗ್ರಾಂ ಇದ್ದರೆ ಪ್ರಮಾಣಪತ್ರದ ವಿನಿಮಯಕ್ಕೇ ಕೆಲವು ಕಿಲೋಬೈಟ್ ಹೋಗುತ್ತದೆ. ಹತ್ತು ರೂಪಾಯಿಯ ಪತ್ರಕ್ಕೆ ನೂರು ರೂಪಾಯಿಯ ಲಕೋಟೆ.

ಹೀಗೆ ಸುಮ್ಮನೆ ಕೇಳುತ್ತಲೇ ಇರುವವರು ಕೆಟ್ಟವರಲ್ಲ. ಬಹುತೇಕ ಅದು ಯಾರದೋ ಮರೆತುಹೋದ ಲೂಪ್, ಅಂದರೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೋಡ್. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯೇ 2008ರಲ್ಲಿ ಇಂಥದೊಂದು ಅಳಲು ತೋಡಿಕೊಂಡಿತ್ತು: ವರ್ಷಗಟ್ಟಲೆ ಬದಲಾಗದ ಕೆಲವು ಕಡತಗಳಿಗೆ ದಿನಕ್ಕೆ 13 ಕೋಟಿಯವರೆಗೆ ಕೋರಿಕೆಗಳು ಬರುತ್ತಿದ್ದವು. ಕೇಳುತ್ತಿದ್ದ ತಂತ್ರಾಂಶಗಳನ್ನು ಬರೆದವರಿಗೆ ತಾವು ಕೇಳುತ್ತಿದ್ದೇವೆ ಎಂಬುದೇ ತಿಳಿದಿರಲಿಲ್ಲ.

ಸರಿ, ಮಿತಿ ಎಷ್ಟಿರಬೇಕು? ಒಬ್ಬ ಮನುಷ್ಯ ಎಷ್ಟು ನೆಪ ಓದಿ ನಗಬಲ್ಲ ಎಂಬಲ್ಲಿಂದ ಶುರುಮಾಡಿದೆ. ಐದು ಸೆಕೆಂಡಿಗೆ ಒಂದು ಎಂದರೂ ನಿಮಿಷಕ್ಕೆ ಹನ್ನೆರಡು. ಅಲ್ಲಿಗೇ ನಿಲ್ಲಿಸಿದ್ದರೆ ಲೆಕ್ಕ ಸುಲಭವಿತ್ತು. ಆದರೆ ನನ್ನ ಸೇವೆಯನ್ನು ಹೆಚ್ಚು ಬಳಸುವವರು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನು ಕೇಳುವ ದಾರಿ) ಎಂದರೇನು ಎಂದು ಆಗಷ್ಟೇ ಕಲಿಯುತ್ತಿರುವ ವಿದ್ಯಾರ್ಥಿಗಳು. ಕಾಲೇಜಿನ ಲ್ಯಾಬಿನಲ್ಲಿ ಅರವತ್ತು ಮಂದಿ ಕೂತು, ಮೇಷ್ಟ್ರು ‘ಈಗ ಒತ್ತಿ’ ಎಂದ ಕೂಡಲೇ ಒಟ್ಟಿಗೆ ಒತ್ತುತ್ತಾರೆ. ಹೊರಗಿನಿಂದ ನೋಡುವ ನನ್ನ ಸರ್ವರ್‌ಗೆ ಆ ಅರವತ್ತೂ ಒಂದೇ ಐಪಿ ವಿಳಾಸ. ಮೊಬೈಲ್ ಜಾಲಗಳಲ್ಲೂ ಇದೇ ಕಥೆ: ಹಳೆಯ ಐಪಿವಿ4 ವಿಳಾಸಗಳು ಸಾಲದೆ ಒಂದೊಂದನ್ನು ಅನೇಕ ಗ್ರಾಹಕರು ಹಂಚಿಕೊಳ್ಳುತ್ತಾರೆ. ಇದಕ್ಕೆಂದೇ ಒಂದು ವಿಳಾಸಗುಚ್ಛವನ್ನು 2012ರ ಏಪ್ರಿಲ್‌ನಲ್ಲಿ ಮೀಸಲಿಟ್ಟರು. ‘ಕೋರಿಕೆ ಅತಿಯಾಯಿತು’ ಎನ್ನುವ 429ನೇ ಸ್ಟೇಟಸ್ ಕೋಡ್ ಅಧಿಕೃತವಾದದ್ದೂ ಅದೇ ತಿಂಗಳು. ಒಂದೇ ಬಾಗಿಲಿನಿಂದ ಹಲವರು ಬರುವ ವ್ಯವಸ್ಥೆಯೂ, ಬಾಗಿಲಲ್ಲಿ ಜನ ಹೆಚ್ಚಾಯಿತು ಎಂದು ಗದರಿಸುವ ಕೋಡೂ ಜೊತೆಯಲ್ಲೇ ಬಂದವು.

ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಸಮಸ್ಯೆ ತಲೆಕೆಳಗು. ಅಲ್ಲಿ ಒಂದು ಮನೆಯ ಸಂಪರ್ಕಕ್ಕೇ ಎಣಿಸಲಾರದಷ್ಟು ವಿಳಾಸಗಳಿರುತ್ತವೆ, ಫೋನು ಆಗಾಗ ತನ್ನ ವಿಳಾಸ ತಾನೇ ಬದಲಿಸಿಕೊಳ್ಳುತ್ತದೆ. ಪೂರ್ತಿ ವಿಳಾಸ ಹಿಡಿದು ಎಣಿಸಿದರೆ ಯಾರಿಗೂ ಮಿತಿ ತಾಗುವುದೇ ಇಲ್ಲ. ಆದ್ದರಿಂದ 128 ಬಿಟ್‌ಗಳಲ್ಲಿ ಮೊದಲ 64 ಬಿಟ್‌ಗಳನ್ನಷ್ಟೇ ನೋಡಿ ಎಣಿಸುತ್ತೇನೆ.

ಅರವತ್ತು ಮಂದಿಗೆ ತಲಾ ಎರಡರಂತೆ ‘ನಿಮಿಷಕ್ಕೆ 120’ ಎಂದು ಗಡಿಯಾರ ನೋಡಿ ಎಣಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ನಿಮಿಷದ ಕೊನೆಯ ಸೆಕೆಂಡಿನಲ್ಲಿ 120, ಮುಂದಿನ ನಿಮಿಷದ ಮೊದಲ ಸೆಕೆಂಡಿನಲ್ಲಿ ಇನ್ನೊಂದು 120 ಕೇಳಿದರೆ ಎರಡು ಸೆಕೆಂಡಿನಲ್ಲಿ 240 ಆಯಿತು, ನಿಯಮವೂ ಮುರಿಯಲಿಲ್ಲ. ಬದಲಿಗೆ ಟೋಕನ್ ಬಕೆಟ್ ವಿಧಾನ ಹಿಡಿದೆ: ಪ್ರತಿ ವಿಳಾಸದ ಹೆಸರಿನಲ್ಲಿ 120 ಟೋಕನ್ ಹಿಡಿಸುವ ಬಕೆಟ್, ಪ್ರತಿ ಕೋರಿಕೆಗೆ ಒಂದು ಟೋಕನ್ ಖರ್ಚು, ಸೆಕೆಂಡಿಗೊಂದು ಹೊಸ ಟೋಕನ್ ಬಂದು ಬೀಳುತ್ತದೆ, ತುಂಬಿದ ಮೇಲೆ ಬಂದದ್ದು ಚೆಲ್ಲುತ್ತದೆ. ಲ್ಯಾಬಿನ ಅರವತ್ತು ಮಂದಿ ಎರಡು ಸಲ ಒತ್ತಿದರೂ ಎಲ್ಲರಿಗೂ ಸಿಗುತ್ತದೆ. ನಿಲ್ಲದ ಲೂಪ್ ಮಾತ್ರ ಬಕೆಟ್ ಬರಿದಾದ ಮೇಲೆ ಸೆಕೆಂಡಿಗೊಂದಕ್ಕೆ ಇಳಿಯುತ್ತದೆ. ಇದಕ್ಕೆ ಬೇರೆ ತಂತ್ರಾಂಶ ಬೇಕಾಗಲಿಲ್ಲ. ನಾನು ಬಳಸುವ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ನಲ್ಲಿ ಇರುವ ಮಿತಿಯ ಸೌಲಭ್ಯದಿಂದಲೇ ಇದೇ ಪರಿಣಾಮ ಸಿಗುತ್ತದೆ. ಒಂದು ಮೆಗಾಬೈಟ್ ಮೆಮೊರಿಯಲ್ಲಿ ಸುಮಾರು 8,000 ವಿಳಾಸಗಳ ಲೆಕ್ಕ ಇಡಬಹುದು, ನನಗದು ಧಾರಾಳ.

ಸಂಖ್ಯೆಗಿಂತ ಹೆಚ್ಚು ತಲೆ ಖರ್ಚಾದದ್ದು ‘ಇಲ್ಲ’ ಎಂದು ಹೇಗೆ ಹೇಳುವುದು ಎಂಬುದಕ್ಕೆ. ಎಂಜಿನ್‌ಎಕ್ಸ್ ತಾನಾಗಿ ಕೊಡುವುದು 503, ಅಂದರೆ ‘ಸರ್ವರ್ ಕೆಲಸ ಮಾಡುತ್ತಿಲ್ಲ’. ಅದು ಸುಳ್ಳು, ಸರ್ವರ್ ಆರಾಮಾಗಿದೆ, ಕೇಳಿದವರದು ಹೆಚ್ಚಾಗಿದೆ. ಅದನ್ನು 429ಕ್ಕೆ ಬದಲಿಸಿದೆ. 418ರ ಟೀ ಪಾತ್ರೆಯನ್ನು ಕೂರಿಸುವ ಆಸೆ ನನಗೂ ಇತ್ತು, ತಮಾಷೆ ಸೇವೆಗೆ ತಮಾಷೆ ಕೋಡ್. ಆದರೆ ಸ್ಟೇಟಸ್ ಕೋಡ್ ಓದುವುದು ಯಂತ್ರ, ಅದಕ್ಕೆ ಹಾಸ್ಯಪ್ರಜ್ಞೆಯಿಲ್ಲ. 429 ಕಂಡರೆ ಎಷ್ಟೋ ಲೈಬ್ರರಿಗಳು ತಾವಾಗಿ ಕಾದು ಮತ್ತೆ ಕೇಳುತ್ತವೆ, 418 ಕಂಡರೆ ಕಕ್ಕಾಬಿಕ್ಕಿ. ಜೊತೆಗೆ ‘ರೀಟ್ರೈ-ಆಫ್ಟರ್’ ಎಂಬ ಹೆಡರ್‌ನಲ್ಲಿ (ಉತ್ತರದ ಜೊತೆ ಯಂತ್ರಕ್ಕೆಂದು ಹೋಗುವ ಟಿಪ್ಪಣಿ) 60 ಎಂದು ಬರೆದಿದ್ದೇನೆ: ಅರವತ್ತು ಸೆಕೆಂಡು ಬಿಟ್ಟು ಬಾ. ಎಂಜಿನ್‌ಎಕ್ಸ್‌ನಲ್ಲಿ ಹೆಡರ್ ಸೇರಿಸುವಾಗ ‘ಯಾವಾಗಲೂ’ ಎಂಬ ಅರ್ಥದ ಪದವನ್ನೂ ಜೊತೆಗೆ ಬರೆಯಬೇಕು. ಇಲ್ಲದಿದ್ದರೆ ಯಶಸ್ವಿ ಉತ್ತರಗಳಲ್ಲಿ ಮಾತ್ರ ಆ ಹೆಡರ್ ಕಾಣುತ್ತದೆ, ಬೇಕಾದ 429ರಲ್ಲಿ ಮಾಯ.

ಅದೇ ಎಚ್ಚರ ಬ್ರೌಸರ್‌ನ ಅನುಮತಿ ಹೆಡರ್‌ಗೂ ಬೇಕು. ಬೇರೆ ಜಾಲತಾಣದ ಪುಟವೊಂದು ನನ್ನ ಉತ್ತರವನ್ನು ಓದಬಹುದು ಎಂದು ಹೇಳುವ ಆ ‘ಕಾರ್ಸ್’ ಹೆಡರ್ 429ರ ಜೊತೆ ಹೋಗದಿದ್ದರೆ, ಬ್ರೌಸರ್ ಮಿತಿಯ ಸುದ್ದಿಯನ್ನೇ ನುಂಗಿಹಾಕಿ ಕನ್ಸೋಲ್‌ನಲ್ಲಿ ಕೆಂಪು ಅಕ್ಷರಗಳಲ್ಲಿ ‘ಕಾರ್ಸ್ ದೋಷ’ ಎಂದು ತೋರಿಸುತ್ತದೆ. ಕಲಿಯುವ ಹುಡುಗ ಏನು ಮಾಡುತ್ತಾನೆ? ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾನೆ. ಮಿತಿ ದಾಟಿದ್ದಕ್ಕೆ ಬಂದ ಉತ್ತರವೇ ಇನ್ನಷ್ಟು ಕೋರಿಕೆಗಳನ್ನು ಹುಟ್ಟಿಸುತ್ತದೆ.

ತಮಾಷೆಯನ್ನು ಮನುಷ್ಯರು ಓದುವ ಜಾಗಕ್ಕೆ, ಅಂದರೆ ಉತ್ತರದ ಒಡಲಿಗೆ ಸರಿಸಿದೆ. ಅಲ್ಲಿ ಬರೆದದ್ದು ‘ನಾಳೆ ಬಾ’. ದೆವ್ವ ಬಂದು ಬಾಗಿಲು ತಟ್ಟೀತೆಂದು ಊರೂರಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಎರಡು ಪದ. ಆ ದೆವ್ವ ಬಹಳ ಸಭ್ಯ ಎಂಬುದು ನನ್ನ ಖಚಿತ ಅಭಿಪ್ರಾಯ: ಅಕ್ಷರ ಬಲ್ಲದು, ಬರೆದದ್ದನ್ನು ಓದುತ್ತದೆ, ಒಪ್ಪುತ್ತದೆ, ಹಿಂತಿರುಗುತ್ತದೆ. ನನ್ನ ಬಾಗಿಲಿಗೆ ಬರುವ ಬಾಟ್‌ಗಳಲ್ಲಿ (ತಾವಾಗಿ ಓಡುವ ಪ್ರೋಗ್ರಾಂಗಳಲ್ಲಿ) ಆ ಗುಣ ವಿರಳ. ಹೆಡರ್‌ಗಳಲ್ಲಿ ಕನ್ನಡ ಬರೆಯುವುದು ಸುರಕ್ಷಿತವಲ್ಲವಾದ್ದರಿಂದ ಅಲ್ಲಿ ಬರೀ ಅಂಕಿ. ಹೀಗಾಗಿ ಯಂತ್ರಕ್ಕೆ ಅರವತ್ತು ಸೆಕೆಂಡು, ಮನುಷ್ಯರಿಗೆ ನಾಳೆ.

ಇಷ್ಟಾದ ಮೇಲೆ ಕೋರಿಕೆಗಳ ದಾಖಲೆಯಾದ ಲಾಗ್‌ನಲ್ಲಿ ಒಬ್ಬ ಅತಿಥಿ ಕಾಣಿಸಿಕೊಂಡ. ಹಗಲು, ರಾತ್ರಿ, ಭಾನುವಾರ, ಹಬ್ಬ ಎನ್ನದೆ ಸೆಕೆಂಡಿಗೆ ಸರಿಯಾಗಿ ಒಂದು ಕೋರಿಕೆ. ನಿಯಮ ಓದಿಯೇ ಕೋಡ್ ಬರೆದಿದ್ದಾನೆ. ಒಂದು ಸಲವೂ 429 ತಾಗಿಲ್ಲ. ದಿನಕ್ಕೆ 86,400 ನೆಪ. ಅಷ್ಟು ತಪ್ಪಿಸಿಕೊಳ್ಳಬೇಕಾದ ಕೆಲಸ ಯಾರಿಗಿದೆ? ಬಹುಶಃ ಯಾವುದೋ ಕಚೇರಿಯ ಗೋಡೆಯ ಮೇಲಿನ ಪರದೆ, ಯಾರೂ ನೋಡದಿದ್ದರೂ ಬದಲಾಗುತ್ತಲೇ ಇರುವಂಥದ್ದು. ನಿಯಮದೊಳಗೇ ಇದ್ದಾನೆ, ಆದರೆ ಹದದೊಳಗೆ ಇಲ್ಲ. ಅವನನ್ನು ತಡೆಗಟ್ಟುವ ಮನಸ್ಸಾಗಲಿಲ್ಲ.

ದಾರಿ ತೋರಿಸಿದ್ದು ನಮ್ಮ ಬ್ರಾಡ್‌ಬ್ಯಾಂಡ್‌ನವರ ‘ಎಫ್‌ಯುಪಿ’, ಅಂದರೆ ನ್ಯಾಯೋಚಿತ ಬಳಕೆಯ ನೀತಿ. ತಿಂಗಳ ಪಾಲು ಮುಗಿದರೆ ಅವರು ತಂತಿ ಕತ್ತರಿಸುವುದಿಲ್ಲ, ವೇಗ ಇಳಿಸುತ್ತಾರೆ. ಅದನ್ನು ಬೈಯದವರಿಲ್ಲ, ನಾನೂ ಬೈದಿದ್ದೇನೆ. ಆದರೆ ಪೂರ್ತಿ ನಿಲ್ಲಿಸುವುದಕ್ಕಿಂತ ಅದು ಮೇಲು. ನಾನು ದಿನಕ್ಕೆ ಒಂದು ವಿಳಾಸಕ್ಕೆ 5,000 ಎಂಬ ಎರಡನೇ ಗೆರೆ ಎಳೆದೆ. ಅದನ್ನು ದಾಟಿದವರಿಗೆ 429 ಇಲ್ಲ, ಗದರಿಕೆಯೂ ಇಲ್ಲ. ಮಧ್ಯರಾತ್ರಿಯವರೆಗೆ ‘ಇಂದಿನ ನೆಪ’ ಎಂಬ ಒಂದೇ ನೆಪ ಸಿಗುತ್ತದೆ, ಪಾಲು ಮುಗಿದಿದೆ ಎಂಬ ಸಣ್ಣ ಟಿಪ್ಪಣಿಯೊಂದಿಗೆ. ಅದು ಮೊದಲೇ ಸಿದ್ಧವಿರುವ ಕಡತ, ಕೊಡಲು ಶ್ರಮವಿಲ್ಲ. ಹಾಸ್ಟೆಲಿನ ಹಂಚಿಕೆಯ ವಿಳಾಸದಿಂದ ಬಂದ ಹೊಸಬರಿಗೂ ಬರಿಗೈ ಆಗುವುದಿಲ್ಲ. ಗೋಡೆಯ ಪರದೆಯವರು ಈಗ ದಿನದ ಬಹುಪಾಲು ಅದೇ ಬೆಕ್ಕನ್ನೋ ಅದೇ ನೆಂಟರನ್ನೋ ನೋಡುತ್ತಿರಬೇಕು. ದೂರು ಬಂದಿಲ್ಲ.

ಆಮೇಲೆ ನಿಯಮಗಳನ್ನು ಮುಖಪುಟದಲ್ಲೇ, ವಕೀಲರ ಭಾಷೆ ಬಿಟ್ಟು, ಕೆಲವೇ ಸಾಲುಗಳಲ್ಲಿ ಬರೆದೆ. ಇದಕ್ಕೆ ನನಗೆ ಮಾದರಿ ಓಪನ್‌ಸ್ಟ್ರೀಟ್‌ಮ್ಯಾಪ್‌ನ ವಿಳಾಸ ಹುಡುಕುವ ಸೇವೆ ‘ನಾಮಿನಾಟಿಮ್’: ಸೆಕೆಂಡಿಗೆ ಹೆಚ್ಚೆಂದರೆ ಒಂದು ಕೋರಿಕೆ, ನಿಮ್ಮ ಆ್ಯಪ್‌ನ ಗುರುತು ಹೇಳಿ. ಮಿತಿ ಮೊದಲೇ ಗೊತ್ತಿದ್ದರೆ ಜನ ಅದಕ್ಕೆ ಹೊಂದಿಕೊಳ್ಳುತ್ತಾರೆ. 2025ರ ಆಗಸ್ಟ್ 1ರಿಂದ ಯುಪಿಐ ಆ್ಯಪ್‌ಗಳಲ್ಲಿ ಖಾತೆಯ ಬಾಕಿ ನೋಡುವುದಕ್ಕೂ ಒಂದು ಆ್ಯಪ್‌ಗೆ ದಿನಕ್ಕೆ 50 ಸಲ ಎಂಬ ಮಿತಿ ಬಂತು. ಬ್ಯಾಂಕಿನಲ್ಲಿರುವ ಹಣಕ್ಕೇ ಐವತ್ತು ಸಲವಾದರೆ ನನ್ನ ನೆಪಕ್ಕೆ ಐದು ಸಾವಿರ ಉದಾರವೇ.

ನಿಯಮಗಳಲ್ಲಿ ಒಂದು ವಿನಂತಿಯೂ ಇದೆ: ಬೆಳಗ್ಗೆ ಸರಿಯಾಗಿ 9 ಗಂಟೆಗೆ ಕೇಳಬೇಡಿ. ಗುಂಪುಗಳಿಗೆ ದಿನಕ್ಕೊಂದು ನೆಪ ಕಳುಹಿಸುವ ಬಾಟ್‌ಗಳೆಲ್ಲ ಗಂಟೆ ಹೊಡೆದ ಅದೇ ಸೆಕೆಂಡಿಗೆ ಬಂದು ನಿಲ್ಲುತ್ತವೆ, 9 ಗಂಟೆ 1 ನಿಮಿಷಕ್ಕೆ ಅಂಗಳ ಖಾಲಿ. 9.07ಕ್ಕೋ 8.53ಕ್ಕೋ ಕೇಳಿದರೆ ನೆಪದ ರುಚಿ ಕೆಡುವುದಿಲ್ಲ. ತಪ್ಪಿದಾಗ ಮತ್ತೆ ಕೇಳುವ ಕೋಡ್ ಬರೆಯುವವರಿಗೂ ಒಂದು ಮಾತು ಸೇರಿಸಿದ್ದೇನೆ: ಪ್ರತಿ ಸಲ ಕಾಯುವ ಹೊತ್ತನ್ನು ಇಮ್ಮಡಿ ಮಾಡಿ, ಅದಕ್ಕೆ ಒಂದಿಷ್ಟು ಯಾದೃಚ್ಛಿಕ ಸೆಕೆಂಡು ಬೆರೆಸಿ. ಇಲ್ಲವಾದರೆ ಒಟ್ಟಿಗೆ ಬಿದ್ದವರೆಲ್ಲ ಒಟ್ಟಿಗೇ ಎದ್ದು ಬರುತ್ತಾರೆ.

ಒಬ್ಬರು, ತರಬೇತಿ ಕೇಂದ್ರವೊಂದರಲ್ಲಿ ಕಲಿಸುವವರು, ಹಣ ಕೊಡುತ್ತೇವೆ, ಹೆಚ್ಚಿನ ಮಿತಿಯ ಕೀಲಿ ಕೊಡಿ ಎಂದು ಬರೆದರು. ಹಣ ತೆಗೆದುಕೊಂಡರೆ ಸರ್ವರ್ ನಿಂತ ರಾತ್ರಿ ಎದ್ದು ಕೂರಬೇಕಾಗುತ್ತದೆ, ಆ ಹೊಣೆ ನನಗೆ ಬೇಡ. ಇರುವ ನೆಪಗಳ ಪೂರ್ತಿ ಪಟ್ಟಿಯೇ ನೂರು ಕಿಲೋಬೈಟ್ ದಾಟುವುದಿಲ್ಲ. ಅದನ್ನೇ ಒಂದು ಕಡತವಾಗಿ ಇಟ್ಟಿದ್ದೇನೆ, ಒಮ್ಮೆ ಇಳಿಸಿಕೊಂಡರೆ ನಿಮ್ಮ ಯಂತ್ರದಲ್ಲೇ ಸೆಕೆಂಡಿಗೆ ಲಕ್ಷ ಸಲ ಬೇಕಾದರೂ ಕೇಳಿಕೊಳ್ಳಿ ಎಂದು ಉತ್ತರಿಸಿದೆ. ಅವರು ಇಳಿಸಿಕೊಂಡರು. ವಾರದ ನಂತರ ಮತ್ತೊಂದು ಪತ್ರ: ಪಟ್ಟಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದ ಕಡೆಗಳನ್ನು ವಿದ್ಯಾರ್ಥಿಗಳು ತಿದ್ದಿದ್ದರು. ಕೊನೆಯಲ್ಲಿ ತಮ್ಮದೇ ಹೊಸ ನೆಪಗಳನ್ನು ಸೇರಿಸಿದ್ದರು. ಅವುಗಳಲ್ಲಿ ಒಂದು: ‘ಸರ್, ಹೋಮ್‌ವರ್ಕ್ ಮಾಡಿದ್ದೆ. ಎಪಿಐ 429 ಅಂದಿತು.’