ಅಲಸಂಡೆಗೆ ಮದ್ದು ಬಿಡುವ ಮೊದಲು

ಅಲಸಂಡೆ ಬಳ್ಳಿಯ ತುದಿಯಲ್ಲಿ ರಸ ಹೀರುವ ಕಪ್ಪು ಗಿಡಹೇನು ಕಂಡ ಕೂಡಲೇ ಮದ್ದಿನ ಬಾಟ್ಲಿ ಹುಡುಕಬೇಡಿ. ಒಂದು ವಾರ ತಡೆಯಿರಿ. ಹೇನು ತಿನ್ನುವ ಹುಳುಗಳು ಹೇನು ಬಂದ ಮೇಲಷ್ಟೇ ಬರುತ್ತವೆ. ಊಟವೇ ಇಲ್ಲದ ಕಡೆಗೆ ಯಾರು ಬರುತ್ತಾರೆ, ಅಲ್ವಾ? ಆ ವಾರದಲ್ಲಿ ಮದ್ದು ಬಿಟ್ಟರೆ ಹೇನಿನ ಜೊತೆ ಅವೂ ಸಾಯುತ್ತವೆ. ಹೇನು ಬೇಗ ವಾಪಸ್ ಬರುತ್ತದೆ, ಅದನ್ನು ತಿನ್ನುವವು ಅಷ್ಟು ಬೇಗ ಬರುವುದಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕೆಳಗೆ ಅಡಿಕೆ ತೋಟ, ಗುಡ್ಡದಲ್ಲಿ ಗೇರು, ಮನೆ ಹಿಂದೆ ತರಕಾರಿ. ತರಕಾರಿಯಿಂದಲೇ ಶುರು ಮಾಡುತ್ತೇನೆ.

ಬಿಸಿಲೇರುವ ಮೊದಲು ಹೋಗಿ ಹೇನು ಹತ್ತಿದ ಎಲೆಯನ್ನು ಮೆಲ್ಲ ಮಗುಚಿ ನೋಡಿ. ಹೇನು ತಿನ್ನುವ ಗುಲಗಂಜಿ ಹುಳುವನ್ನು (ಲೇಡಿಬರ್ಡ್) ಎಲ್ಲರೂ ಗುರುತಿಸುತ್ತಾರೆ. ನಮ್ಮಲ್ಲಿ ಜಾಸ್ತಿ ಕಾಣುವುದು ಕಿತ್ತಳೆ ಮೈಗೆ ಕಪ್ಪು ಅಂಕುಡೊಂಕು ಗೆರೆ ಇರುವಂಥದ್ದು. ಆದರೆ ಅದರ ಮರಿಯನ್ನು ಗುರುತಿಸುವವರು ಕಡಿಮೆ. ಮರಿ ನೋಡಲು ಪುಟ್ಟ ಮೊಸಳೆಯ ಹಾಗೆ. ಉದ್ದ ಮೈ, ಆರು ಕಾಲು, ಕಪ್ಪು ಬಣ್ಣ, ಮಧ್ಯೆ ಮಧ್ಯೆ ಬಿಳಿ ಅಥವಾ ಕಿತ್ತಳೆ ಮಚ್ಚೆ. ಇದೇ ಕೀಟ ಅಂದುಕೊಂಡು ಎಷ್ಟೋ ಮಂದಿ ಬೆರಳಲ್ಲಿ ಹಿಸುಕಿಬಿಡುತ್ತಾರೆ. ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಆ ಒಂದು ಮರಿ ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿನ್ನುತ್ತದೆ. ಎಲೆಯಡಿ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ನೆಟ್ಟಗೆ ನಿಂತಿದ್ದರೆ ಅವೂ ಇದರದ್ದೇ. ಎಲೆ ಕೀಳಬೇಡಿ.

ಹೇನಿನ ಗುಂಪಿನ ನಡುವೆ ಕಾಲಿಲ್ಲದ, ತಿಳಿಹಸಿರು ಬಣ್ಣದ ಸಣ್ಣ ಹುಳು ಮೆಲ್ಲ ತೆವಳುತ್ತಿದೆಯೇ? ಅದು ಹೂನೊಣದ ಮರಿ. ಒಂದು ಹೇನನ್ನು ಬಾಯಲ್ಲಿ ಕಚ್ಚಿ ಮೇಲೆತ್ತಿ, ರಸ ಹೀರಿ, ಬರೀ ಸಿಪ್ಪೆ ಬಿಸಾಡುತ್ತದೆ. ಸ್ವಲ್ಪ ಹೊತ್ತು ನಿಂತರೆ ಕಣ್ಣಾರೆ ನೋಡಬಹುದು. ಕೂದಲಿನಷ್ಟು ಸಪೂರ ಕಡ್ಡಿಯ ತುದಿಯಲ್ಲಿ ಒಂದೊಂದೇ ಮೊಟ್ಟೆ ನಿಂತಿದ್ದರೆ ಅದು ಜಾಲರೆಕ್ಕೆಯ ಹುಳುವಿನದ್ದು. ಅದರ ಮರಿಯೂ ಹೇನು ತಿನ್ನುತ್ತದೆ, ಮೈಗೆ ಬಿಳಿ ಹಿಟ್ಟು ಮೆತ್ತಿದ ಹಾಗಿರುವ, ರಸ ಹೀರುವ ಹಿಟ್ಟು ತಿಗಣೆಯನ್ನೂ ತಿನ್ನುತ್ತದೆ.

ಒಂದು ಎಚ್ಚರ. ಬದನೆ, ಹಾಗಲದ ಎಲೆ ಕೆರೆದು ಜಾಲರಿ ಮಾಡುವ ಹುಳುವೂ ಗುಲಗಂಜಿಯ ಜಾತಿಯದ್ದೇ. ಅದರ ಬೆನ್ನಿಗೆ ಹೊಳಪಿಲ್ಲ, ಚುಕ್ಕೆ ಜಾಸ್ತಿ, ಮೈಮೇಲೆ ಸಣ್ಣ ರೋಮ. ಮರಿ ಹಳದಿ, ಮೈತುಂಬ ಮುಳ್ಳು. ಅದನ್ನು ಹೆಕ್ಕಿ ಸೋಪಿನ ನೀರಿಗೆ ಹಾಕಿ.

ಹೇನಿನ ಹತ್ತಿರ ಕಪ್ಪಿರುವೆ ಸಾಲು ಹತ್ತುತ್ತಿದ್ದರೆ ಮೊದಲು ಅದನ್ನು ತಡೆಯಬೇಕು. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಗುಲಗಂಜಿಯನ್ನು ಓಡಿಸುತ್ತದೆ. ಚಪ್ಪರದ ಕಂಬಕ್ಕೆ ಬಟ್ಟೆ ಸುತ್ತಿ ಗ್ರೀಸ್ ಹಚ್ಚಿ. ಬಳ್ಳಿಯ ಬುಡದ ಸುತ್ತ ಬೂದಿ ಹಾಕಿ. ಹೇನು ತೀರಾ ಜಾಸ್ತಿಯಾದ ತುದಿಗೆ ಪೈಪಿನಲ್ಲಿ ಜೋರಾಗಿ ನೀರು ಬಿಡಿ, ಸಾಕು. ಬೇವಿನೆಣ್ಣೆ ಬೇಕೇ ಬೇಕಾದರೆ ಸಂಜೆ ಹೊತ್ತು, ಹತ್ತಿದ ತುದಿಗೆ ಮಾತ್ರ.

ಹೂನೊಣ ದೊಡ್ಡದಾದ ಮೇಲೆ ಅದಕ್ಕೆ ಹೂವಿನ ರಸ ಮತ್ತು ಪರಾಗ ಬೇಕು. ಸಾಲಿನ ತುದಿಯಲ್ಲಿ ಸ್ವಲ್ಪ ತುಳಸಿ, ಕೊತ್ತಂಬರಿ, ಸಬ್ಬಸಿಗೆ ಹೂ ಬಿಡಲಿ. ಎಲ್ಲವನ್ನೂ ಸಾರಿಗೆ ಕೊಯ್ಯಬೇಡಿ.

ಜೇಡವೂ ಕೀಟ ಹಿಡಿದು ತಿನ್ನುತ್ತದೆ. ಅದಕ್ಕೆ ಬೇಕಾದದ್ದು ನೆರಳು ಮತ್ತು ಅಡಗಲು ಜಾಗ. ಬುಡಕ್ಕೆ ತರಗೆಲೆ, ಒಣ ಸೋಗೆ ಮುಚ್ಚಿ. ನೆಲದಲ್ಲಿ ಓಡುವ ತೋಳ ಜೇಡ ಬಲೆ ಕಟ್ಟುವುದಿಲ್ಲ, ಬೆನ್ನಟ್ಟಿ ಹಿಡಿಯುತ್ತದೆ. ಹೆಣ್ಣು ಮೊಟ್ಟೆಯ ಚೀಲವನ್ನು ಹಿಂದೆ ಅಂಟಿಸಿಕೊಂಡು, ಆಮೇಲೆ ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ತಿರುಗುತ್ತದೆ. ಬಲೆ ಕಟ್ಟುವ ಜೇಡ ಕೆಲವೊಮ್ಮೆ ಜೇನುನೊಣವನ್ನೂ ಹಿಡಿಯುತ್ತದೆ, ನಿಜ. ಆದರೂ ತರಕಾರಿ ಸಾಲಿನ ಬಲೆಗೆ ಹಿಡಿಸೂಡಿ ತರಬೇಡಿ.

ಈಗ ಗುಡ್ಡದ ಗೇರಿಗೆ ಬರೋಣ. ರಸ ಹೀರಿ ಚಿಗುರು, ಹೂಗೊಂಚಲು ಕಪ್ಪಾಗಿ ಒಣಗಿಸುವ ಟೀ ಸೊಳ್ಳೆ ಇಲ್ಲಿನ ದೊಡ್ಡ ಶತ್ರು. ಹೆಸರು ಸೊಳ್ಳೆ ಅಂತಿದ್ದರೂ ಅದು ತಿಗಣೆ ಜಾತಿಯದ್ದು. ಈ ಕೀಟಕ್ಕೆಂದೇ ನಮ್ಮ ಕಡೆಯ ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಇಲ್ಲಿನ ಎಣ್ಮಕಜೆ ಪಂಚಾಯತಿನ ಮನೆಗಳಲ್ಲಿ ಆ ವಿಷದಿಂದ ದೊಡ್ಡವರು, ಮಕ್ಕಳು ಎಷ್ಟು ನರಳಿದರು ಅಂತ ನಾನು ಹೇಳಬೇಕಾಗಿಲ್ಲ. ಟೀ ಸೊಳ್ಳೆಯನ್ನು ಬೇಟೆಯಾಡುವ ಕೆಂಪು ಚಗಳಿ ಇರುವೆ ಆಗಲೂ ಇದೇ ಗುಡ್ಡಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುತ್ತಿತ್ತು.

ಮರದಲ್ಲಿ ಚಗಳಿ ಇದ್ದರೆ ಗೂಡು ಸುಡಬೇಡಿ. ಮಳೆ ನಿಂತು ಚಿಗುರು ಬರುವ ಮೊದಲು, ಅದಿರುವ ಮರದಿಂದ ಪಕ್ಕದ ಮರದ ಕೊಂಬೆಗೆ ಹಗ್ಗ ಕಟ್ಟಿ. ಅವು ತಾವೇ ದಾಟುತ್ತವೆ. ಗೂಡು ಕತ್ತರಿಸಿ ಬೇರೆ ಮರದಲ್ಲಿಟ್ಟರೂ ಆಗುತ್ತದೆ, ಆದರೆ ರಾಣಿ ಇಲ್ಲದ ಗೂಡು ತುಂಬಾ ಕಾಲ ಉಳಿಯುವುದಿಲ್ಲ. ಹಾಗಾಗಿ ನನಗೆ ಹಗ್ಗದ ದಾರಿಯೇ ಇಷ್ಟ. ಎರಡು ಮರಗಳಲ್ಲೂ ಚಗಳಿ ಇದ್ದರೆ ಒಂದೆರಡನ್ನು ಹಿಡಿದು ಆಚೆ ಮರಕ್ಕೆ ಬಿಟ್ಟು ನೋಡಿ. ಕಚ್ಚಾಡಿದರೆ ಬೇರೆ ಬೇರೆ ಕುಟುಂಬ, ಹಗ್ಗ ಕಟ್ಟಬೇಡಿ. ಬುಡದಲ್ಲಿ ಕಾಡು ಕೊಂಬೆ ತಾಗುತ್ತಿದ್ದರೆ ಸವರಿ, ಇಲ್ಲದಿದ್ದರೆ ಬೇರೆ ಇರುವೆ ಹತ್ತಿ ಜಗಳವಾಗುತ್ತದೆ.

ಚಗಳಿಯೂ ಹಿಟ್ಟು ತಿಗಣೆಯನ್ನು ಸಾಕುತ್ತದೆ. ತಿಗಣೆ ಮಿತಿ ಮೀರಿದ ಕೊಂಬೆ ಕಂಡರೆ ಕಡಿದು ತೆಗೆಯಿರಿ. ಗೇರುಬೀಜ ಬಿದ್ದ ಮೇಲೆ ಹೆಕ್ಕುವುದರಿಂದ ಕಚ್ಚುವ ತೊಂದರೆ ಅಷ್ಟಿಲ್ಲ. ಕಾಳುಮೆಣಸು ಹಬ್ಬಿಸಿದ ಮರಕ್ಕೆ ಮಾತ್ರ ಹಗ್ಗ ಕಟ್ಟಬೇಡಿ, ಕೊಯ್ಯುವವರು ಏಣಿ ಹತ್ತಲು ಒಪ್ಪುವುದಿಲ್ಲ.