ಎರಡು ಸಲವೂ ದಂಡ ಕಟ್ಟಿದ ಗ್ರೀಸ್: ರಾಷ್ಟ್ರಸಂಘದ ಪಾಠ ಮಾಡಿದ ನನ್ನ ಅನುಭವ

ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘ ಶಾಂತಿ ಕಾಪಾಡಿತೇ, ಇಲ್ಲವೇ? ಮೊದಮೊದಲು ನಾನು ಈ ಪಾಠವನ್ನು ಬೋರ್ಡಿನ ಮೇಲೆ ಎರಡು ಪಟ್ಟಿ ಬರೆದು ಮುಗಿಸುತ್ತಿದ್ದೆ. ಸ್ವೀಡನ್, ಫಿನ್ಲೆಂಡ್ ಎರಡೂ ತಮ್ಮದೆಂದ ಆಲಂಡ್ ದ್ವೀಪಗಳು ಗೆಲುವಿನ ಕಡೆ, ಚೀನಾದಿಂದ ಜಪಾನ್ ಕಿತ್ತುಕೊಂಡ ಮಂಚೂರಿಯಾ ಸೋಲಿನ ಕಡೆ. ಮಕ್ಕಳು ಬಾಯಿಪಾಠ ಮಾಡಿ ಚೆನ್ನಾಗಿಯೇ ಬರೆಯುತ್ತಿದ್ದರು. ಆದರೆ ಅಲ್ಲಿ ಗೆದ್ದ ಸಂಘ ಇಲ್ಲಿ ಯಾಕೆ ಸೋತಿತು ಅಂತ ಕೇಳಿದರೆ ತರಗತಿಯಲ್ಲಿ ಸದ್ದೇ ಇರುತ್ತಿರಲಿಲ್ಲ.

ಆಮೇಲೆ ಪಟ್ಟಿ ಬಿಟ್ಟೆ. ಒಂದೇ ದೇಶವನ್ನು ಹಿಡಿದುಕೊಂಡೆ. ಗ್ರೀಸ್.

1923ರ ಆಗಸ್ಟ್. ಗ್ರೀಸ್ ಮತ್ತು ಅಲ್ಬೇನಿಯಾದ ಗಡಿ ಗುರುತಿಸಲು ಹೋಗಿದ್ದ ಇಟಲಿಯ ಜನರಲ್ ಟೆಲ್ಲಿನಿ ಗ್ರೀಸಿನ ನೆಲದಲ್ಲಿ ಕೊಲೆಯಾದರು. ಕೊಂದವರು ಯಾರೆಂದು ತಿಳಿಯುವ ಮೊದಲೇ ಮುಸೊಲಿನಿಯ ಹಡಗುಗಳು ಕೊರ್ಫು ದ್ವೀಪದ ಮೇಲೆ ಫಿರಂಗಿ ಹಾರಿಸಿದವು. ಅಲ್ಲಿ ಆಸರೆ ಪಡೆದಿದ್ದ ನಿರಾಶ್ರಿತರು ಸತ್ತರು. ಗ್ರೀಸ್ ಸಂಘಕ್ಕೆ ದೂರು ಕೊಟ್ಟಿತು. ಇದು ನಿಮ್ಮ ಕೆಲಸವಲ್ಲ ಎಂದಿತು ಇಟಲಿ. ತೀರ್ಮಾನ ಸಂಘದ ಕೈತಪ್ಪಿ, ಯುದ್ಧ ಗೆದ್ದ ದೊಡ್ಡ ದೇಶಗಳ ರಾಯಭಾರಿಗಳ ಸಮ್ಮೇಳನದ ಕೈಗೆ ಹೋಯಿತು. ಇಟಲಿ ದ್ವೀಪ ಬಿಟ್ಟಿತು ನಿಜ, ಆದರೆ 5 ಕೋಟಿ ಲೀರಾ ಕಟ್ಟಿದ್ದು ಪೆಟ್ಟು ತಿಂದ ಗ್ರೀಸೇ.

1925ರ ಅಕ್ಟೋಬರ್. ಬಲ್ಗೇರಿಯಾದ ಪೆಟ್ರಿಚ್ ಊರಿನ ಹತ್ತಿರದ ಗಡಿಯಲ್ಲಿ ಒಬ್ಬ ಗ್ರೀಕ್ ಸೈನಿಕ ಗುಂಡಿಗೆ ಬಲಿಯಾದ. ಈ ಸಲ ಗ್ರೀಸೇ ಬಲ್ಗೇರಿಯಾದ ಒಳಗೆ ಸೇನೆ ನುಗ್ಗಿಸಿತು. ಬಲ್ಗೇರಿಯಾ ಸಂಘಕ್ಕೆ ತಂತಿ ಕಳಿಸಿತು. ಫ್ರಾನ್ಸಿನ ವಿದೇಶಾಂಗ ಸಚಿವ ಬ್ರಿಯಾಂ ಅಧ್ಯಕ್ಷತೆಯಲ್ಲಿ ಪ್ಯಾರಿಸ್‌ನಲ್ಲಿ ಸಂಘದ ಕೌನ್ಸಿಲ್ ಸೇರಿತು. 60 ಗಂಟೆಯಲ್ಲಿ ಜಾಗ ಖಾಲಿ ಮಾಡಿ ಎಂದಿತು. ಗ್ರೀಸ್ ಹಿಂದೆ ಸರಿಯಿತು. 45,000 ಪೌಂಡ್ ಪರಿಹಾರವನ್ನೂ ಕೊಟ್ಟಿತು.

ಇಷ್ಟು ಹೇಳಿ ನಾನು ಸುಮ್ನೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗಿ, 'ಎರಡು ಸಲವೂ ದುಡ್ಡು ಕೊಟ್ಟಿದ್ದು ಗ್ರೀಸೇ ಅಲ್ವಾ?' ಎಂದಳು. ನನಗೆ ಬೇಕಾಗಿದ್ದು ಅದೇ. ಅಲ್ಲಿಂದ ಅವರೇ ಮುಂದೆ ನಡೆದರು. ಸಂಘಕ್ಕೆ ಸ್ವಂತ ಸೇನೆ ಇರಲಿಲ್ಲ. ಬ್ರಿಟನ್, ಫ್ರಾನ್ಸ್ ಒಟ್ಟಾಗಿ ಒತ್ತಿದರೆ ಸಣ್ಣ ದೇಶ ಮಣಿಯುತ್ತಿತ್ತು. ಎದುರಿಗೆ ಇಟಲಿ ಇದ್ದರೆ ಅವೇ ಹಿಂಜರಿಯುತ್ತಿದ್ದವು. 1935ರಲ್ಲಿ ಇಟಲಿ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಮೇಲೆ ದಾಳಿ ಮಾಡಿದ್ದನ್ನು ಹೇಳುವಾಗ ನಾನು ಜಾಸ್ತಿ ವಿವರಿಸಬೇಕಾಗಲಿಲ್ಲ. ಇಟಲಿಯ ಮೇಲೆ ನಿರ್ಬಂಧ ಹಾಕಿದರು, ಆದರೆ ಪೆಟ್ರೋಲಿಯಂ ಅದರಲ್ಲಿ ಇರಲಿಲ್ಲ. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಅದು ಯಾಕೆಂದು ಮಕ್ಕಳೇ ಹೇಳಿದರು.

ಹಾಗಂತ ಸಂಘದಿಂದ ಏನೂ ಉಪಯೋಗವಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 1925ರಲ್ಲಿ ಆ ತಂತಿಗೆ ಬೆಲೆ ಸಿಗದಿದ್ದರೆ ಗಡಿಯ ಹಳ್ಳಿಗಳು ಇನ್ನೊಂದು ಯುದ್ಧ ನೋಡಬೇಕಾಗಿತ್ತು. ಆ ಜನರ ಜೀವವನ್ನು ಸಣ್ಣದೆಂದು ಬದಿಗಿಡಲು ನನ್ನಿಂದಾಗದು.

ಪರೀಕ್ಷೆಯ ಪ್ರಶ್ನೆಯನ್ನೂ ಬದಲಿಸಿದ್ದೇನೆ. ಯಶಸ್ಸು, ಸೋಲು ಬರೆಯಿರಿ ಎಂದು ಕೇಳುವುದಿಲ್ಲ. 'ದೂರು ಕೊಟ್ಟವರು ಯಾರು? ಅದು ಯಾರ ಮೇಲೆ? ತೀರ್ಪು ಕೊಡಬೇಕಾದವರಿಗೆ ಯಾರ ಭಯ ಇತ್ತು?' ಎಂದು ಕೇಳುತ್ತೇನೆ.